ಪ್ರಶ್ನೆಯ ಒಡೆತನ: ಊರು, ಯಂತ್ರ ಮತ್ತು ಸರ್ವರ ಪಾಲು



ದತ್ತಿ ಎಂಬ ಏರ್ಪಾಡು ನಮ್ಮ ಸಮಾಜದಲ್ಲಿ ಬಹು ಹಿಂದಿನದು. ಒಬ್ಬರು ತಮ್ಮ ಗಳಿಕೆಯ ಒಂದಂಶವನ್ನು ಮೂಲಧನವಾಗಿ ಇರಿಸಿ, ಅದರ ಬಡ್ಡಿಯಿಂದ ವರ್ಷಕ್ಕೊಮ್ಮೆ ನಾಲ್ಕು ಜನ ಕೂಡಿ ಯಾವುದಾದರೊಂದು ವಿಷಯವನ್ನು ಆಲೋಚಿಸಲಿ ಎಂದು ವಿಧಿಸಿ, ಆ ವಿಷಯ ಯಾವುದೆಂಬುದನ್ನು ಮಾತ್ರ ಮುಂದಿನವರ ವಿವೇಚನೆಗೆ ಬಿಟ್ಟು ಹೋಗುವುದರಲ್ಲಿ ಒಂದು ಔದಾರ್ಯವಿದೆ; ಅದು ಹಣದ ಔದಾರ್ಯಕ್ಕಿಂತ ದೊಡ್ಡದೆಂದು ನನ್ನ ಭಾವನೆ. ಸಾಧನವನ್ನು ಒದಗಿಸಿದವರು ಪ್ರಶ್ನೆಯನ್ನೂ ತಾವೇ ಗೊತ್ತುಮಾಡಲಿಲ್ಲ. ಈ ದಿನ ನಾನು ನಿಮ್ಮ ಮುಂದೆ ಅರಿಕೆಮಾಡಿಕೊಳ್ಳಬೇಕೆಂದಿರುವ ವಿಚಾರದ ತಿರುಳು ಇದೇ ಆದಕಾರಣ, ಈ ದತ್ತಿ ಉಪನ್ಯಾಸದ ದಾನಿಗಳಿಗೆ ಸಲ್ಲಬೇಕಾದ ಕೃತಜ್ಞತೆಯನ್ನು ಮೊದಲಲ್ಲಿಯೇ ಸಲ್ಲಿಸಿ ವಿಷಯಕ್ಕೆ ಬರುತ್ತೇನೆ.

ವಿಷಯದ ಎಲ್ಲೆ

ಗಣಕಯಂತ್ರ, ಅಂತರಜಾಲ, ಅಂಗೈಯಲ್ಲಿ ಹಿಡಿಯುವ ಮೊಬೈಲು ಇವುಗಳನ್ನು ಕುರಿತು ಸಾರ್ವಜನಿಕವಾಗಿ ನಡೆಯುವ ಚರ್ಚೆ ಬಹುಮಟ್ಟಿಗೆ ಎಣಿಕೆಯ ಚರ್ಚೆಯಾಗಿರುತ್ತದೆ. ಎಷ್ಟು ಹಳ್ಳಿಗಳಿಗೆ ತಂತಿ ಹೋಯಿತು, ಎಷ್ಟು ಗೋಪುರಗಳು ಎದ್ದವು, ಎಷ್ಟು ಮನೆಗಳಲ್ಲಿ ಯಂತ್ರವುಂಟು ಎಂದು ಲೆಕ್ಕ ಹಾಕಿ, ಆ ಮೊತ್ತ ಏರಿದಷ್ಟೂ ಜನ ಒಳಗೊಂಡರೆಂದು ತೀರ್ಮಾನಿಸುವುದು ರೂಢಿಯಾಗಿದೆ. ಎಣಿಕೆಯನ್ನು ನಾನು ಹಳಿಯುವುದಿಲ್ಲ. ತಂತಿಯೇ ಬಾರದ ಊರಿನಲ್ಲಿ ಮಿಕ್ಕ ಮಾತೆಲ್ಲ ವ್ಯರ್ಥ. ಆದರೆ ಒಂದು ಜನಸಮುದಾಯಕ್ಕೆ ಯಂತ್ರವೊಂದು ನಿಜವಾಗಿ ಒದಗಿತೋ ಇಲ್ಲವೋ ಎಂಬುದನ್ನು ತಿಳಿಯಬೇಕಾದರೆ, ಆ ಯಂತ್ರದ ಮುಂದೆ ಇಡಲ್ಪಟ್ಟ ಮೊದಲ ಪ್ರಶ್ನೆ ಯಾರದಾಗಿತ್ತು ಎಂಬುದನ್ನು ವಿಚಾರಿಸಬೇಕು. ತನ್ನ ಪ್ರಶ್ನೆಯನ್ನು ತಾನೇ ಕೇಳಿದ ಊರು ಅಲ್ಪ ಸಾಧನದಿಂದಲೂ ಬಹಳ ಪಡೆಯುತ್ತದೆ. ಪರರು ಕೇಳಿದ ಪ್ರಶ್ನೆಗೆ ಉತ್ತರವಾಗಿ ಮಾತ್ರ ಲೆಕ್ಕಕ್ಕೆ ಬಂದ ಊರು ಬಹಳ ಸಾಧನವಿದ್ದೂ ಅಲ್ಪವನ್ನೇ ಪಡೆಯುತ್ತದೆ. ಈ ಪ್ರತಿಜ್ಞೆಯನ್ನು ಕೆಲವು ನಿದರ್ಶನಗಳ ಮೂಲಕ ಪರೀಕ್ಷಿಸಿ ನೋಡುವುದು ಈ ಉಪನ್ಯಾಸದ ಉದ್ದೇಶ.

ಎರಡು ಪೂರ್ವನಿದರ್ಶನಗಳು

ಹೊಸ ಯಂತ್ರಗಳ ವಿಚಾರವನ್ನೆತ್ತುವ ಮುನ್ನ ನಮ್ಮ ನಾಡಿನ ಎರಡು ಹಳೆಯ ಸಂಗತಿಗಳನ್ನು ನೆನೆಯಬೇಕು. 1904ರಲ್ಲಿ ಬ್ರಿಟಿಷ್ ಸರಕಾರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯನ್ನು ತಂದಿತು. ಮರುವರ್ಷವೇ, 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪಿತವಾಯಿತು. ಕಾಯಿದೆ ಸರಕಾರದ್ದು, ಅದರ ಕಾಗದಪತ್ರಗಳ ಭಾಷೆ ಆಳುವವರದು. ಆದರೆ ಬಿತ್ತನೆಯ ಕಾಲಕ್ಕೆ ರೈತನಿಗೆ ನ್ಯಾಯವಾದ ಬಡ್ಡಿಗೆ ಸಾಲ ಹುಟ್ಟುವುದೆಂತು ಎಂಬ ಪ್ರಶ್ನೆ ಆ ಊರಿನದೇ ಆಗಿತ್ತು. ಕಾಯಿದೆಯೆಂಬ ಸಾಧನ ಕೈಗೆ ಸಿಕ್ಕಾಗ ಅದನ್ನು ಎಲ್ಲಿ ಹೂಡಬೇಕೆಂಬ ತಿಳಿವು ಊರಿನೊಳಗೆ ಮೊದಲೇ ಸಿದ್ಧವಾಗಿದ್ದುದರಿಂದ ಅದು ಕಾಗದವಾಗಿ ಉಳಿಯದೆ ಸಂಸ್ಥೆಯಾಯಿತು.

ಎರಡನೆಯದು ಮೈಸೂರಿನ ಸಂಗತಿ. 1935ರ ಸೆಪ್ಟೆಂಬರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಸ್ವಂತ ಮನೆಯಲ್ಲಿ ಅಲ್ಪಶಕ್ತಿಯ ಪ್ರಸಾರಯಂತ್ರವೊಂದನ್ನು ಸ್ಥಾಪಿಸಿ, ಆಕಾಶವಾಣಿ ಎಂಬ ಹೆಸರಿನಲ್ಲಿ ಬಾನುಲಿಯನ್ನು ಆರಂಭಿಸಿದರು. ಊರಿನ ಗಾಯಕರು ಹಾಡಿದರು, ವಿದ್ವಾಂಸರು ಮಾತನಾಡಿದರು. ಮುಂದೆ ಕೆಲವು ವರ್ಷಗಳ ತರುವಾಯ ಸಂಸ್ಥಾನ ಅದನ್ನು ವಹಿಸಿಕೊಂಡಿತು. ಒಬ್ಬ ನಾಗರಿಕನ ಮನೆಯ ಕೋಣೆಯಿಂದ ಹೊರಟ ಧ್ವನಿ ಊರಿನ ಸೊತ್ತಾದ ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಏಕೆಂದರೆ ಅರವತ್ತೈದು ವರ್ಷಗಳು ಕಳೆದ ಮೇಲೆ, ಸ್ವತಂತ್ರ ಭಾರತದಲ್ಲಿ, ಕೋಲಾರ ಜಿಲ್ಲೆಯ ಒಂದು ಹಳ್ಳಿಗೆ ಇಷ್ಟೇ ಸ್ವಾತಂತ್ರ್ಯ ದೊರೆಯದೆ ಹೋಯಿತು.

ವಿಲ್ಲಿಯನೂರಿನ ಸುತ್ತಲ ಹಳ್ಳಿಗಳು

ಕಾಲಕ್ರಮದಲ್ಲಿ ಮೊದಲು ಬರತಕ್ಕದ್ದು ಪಾಂಡಿಚೇರಿಯ ಪ್ರಯೋಗ. ಚೆನ್ನೈನ ಎಂ.ಎಸ್. ಸ್ವಾಮಿನಾಥನ್ ಸಂಶೋಧನ ಪ್ರತಿಷ್ಠಾನ 1998ರಲ್ಲಿ, ಕೆನಡಾ ದೇಶದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಶೋಧನ ಕೇಂದ್ರದ ನೆರವಿನಿಂದ, ಪಾಂಡಿಚೇರಿಯ ಹಳ್ಳಿಗಳಲ್ಲಿ ಜ್ಞಾನಕೇಂದ್ರಗಳನ್ನು ತೆರೆಯತೊಡಗಿತು. ವಿಲ್ಲಿಯನೂರಿನಲ್ಲಿ ಒಂದು ನಾಭಿಕೇಂದ್ರ. ಅದರ ಸುತ್ತ ಎಂಬಲಂ, ಕಿಳೂರು, ವೀರಂಪಟ್ಟಿಣಂ ಮೊದಲಾದ ಊರುಗಳಲ್ಲಿ ಒಂದೊಂದು ಕೋಣೆ, ಒಂದೆರಡು ಗಣಕಯಂತ್ರ. ದೂರವಾಣಿಯ ತಂತಿಗಳನ್ನು ನಂಬುವಂತಿರಲಿಲ್ಲವಾದ್ದರಿಂದ ಕೇಂದ್ರಗಳನ್ನು ನಿಸ್ತಂತು ರೇಡಿಯೊ ಮೂಲಕ ಜೋಡಿಸಲಾಯಿತು. ವಿದ್ಯುತ್ತು ಹೋಗಿ ಬರುವುದು ನಿತ್ಯದ ಮಾತಾದ್ದರಿಂದ ಸೌರಫಲಕಗಳನ್ನು ಅಳವಡಿಸಲಾಯಿತು.

ಯಂತ್ರಗಳು ಬರುವುದಕ್ಕೆ ಮೊದಲು ಅಲ್ಲಿ ನಡೆದ ಕಾರ್ಯ ಗಮನಾರ್ಹವಾದದ್ದು. ಯಾವ ಊರಿನಲ್ಲಿ ಯಾರು ಯಾರನ್ನು ಏನು ಕೇಳುತ್ತಾರೆ, ಬೆಲೆಯ ಸುದ್ದಿ ಯಾರ ಬಾಯಿಂದ ಬರುತ್ತದೆ, ಸರಕಾರದ ಸಹಾಯಧನದ ವಿಚಾರ ಯಾರ ಮನೆಯ ಹೊಸ್ತಿಲ ಬಳಿ ನಿಂತುಬಿಡುತ್ತದೆ ಎಂಬುದನ್ನು ಊರವರೊಡನೆ ಕುಳಿತು ವಿಚಾರಿಸಲಾಯಿತು. ಜನ ತಿಳಿವಳಿಕೆಗಾಗಿ ನೆಚ್ಚಿಕೊಂಡಿದ್ದದ್ದು ಅಂಗಡಿಯವನನ್ನು, ಸಂತೆಯ ಮಾತನ್ನು, ನೆರೆಯವರನ್ನು. ಆದಕಾರಣ ಕೇಂದ್ರದಲ್ಲಿ ಇರಿಸಿದ ಮಾಹಿತಿಯೂ ಅದೇ ಬಗೆಯದಾಯಿತು: ಹತ್ತಿರದ ಮಾರುಕಟ್ಟೆಯಲ್ಲಿ ಧಾನ್ಯದ ಧಾರಣೆ, ಆಸ್ಪತ್ರೆಯಲ್ಲಿ ಯಾವ ವೈದ್ಯರು ಯಾವ ದಿನ ಇರುತ್ತಾರೆ, ಬಸ್ಸಿನ ವೇಳೆ, ಬಡವರಿಗೆಂದು ಇರುವ ಸರಕಾರಿ ಯೋಜನೆಗಳು, ದನಕರುಗಳ ರೋಗಕ್ಕೆ ಚಿಕಿತ್ಸೆ. ಇವನ್ನೆಲ್ಲ ತಮಿಳಿನಲ್ಲಿ ಸಂಗ್ರಹಿಸಿ ಯಂತ್ರಕ್ಕೆ ಉಣಿಸಿದವರು ಆಯಾ ಊರಿನ ಸ್ವಯಂಸೇವಕರು. ಅವರಲ್ಲಿ ಬಹುಮಂದಿ ಶಾಲೆಯ ಓದನ್ನಷ್ಟೆ ಮುಗಿಸಿದ್ದ ಹೆಂಗಸರು. ಕೆಲಕಾಲದ ಮೇಲೆ ಇವರೇ ‘ನಮ್ಮ ಊರು ಸೆಯ್ದಿ’ ಎಂಬ ಹೆಸರಿನ ಊರಸುದ್ದಿಯ ಪತ್ರಿಕೆಯನ್ನೂ ಹೊರತಂದರು.

ಕೊಡುಕೊಳ್ಳುವ ಷರತ್ತುಗಳೂ ಸ್ಪಷ್ಟವಾಗಿದ್ದವು. ಪ್ರತಿಷ್ಠಾನ ಯಂತ್ರವನ್ನೂ ತರಬೇತಿಯನ್ನೂ ಕೊಡತಕ್ಕದ್ದು. ಊರು ಬಾಡಿಗೆಯಿಲ್ಲದ ಕೋಣೆಯನ್ನೂ ಕೆಲಸಕ್ಕೆ ಜನರನ್ನೂ ಒದಗಿಸತಕ್ಕದ್ದು. ಬಾಗಿಲು ಮಾತ್ರ ಜಾತಿಭೇದ ಲಿಂಗಭೇದವಿಲ್ಲದೆ ಎಲ್ಲರಿಗೂ ತೆರೆದಿರತಕ್ಕದ್ದು. ಎಂಬಲಂನಲ್ಲಿ ಕೇಂದ್ರಕ್ಕೆ ದೊರೆತದ್ದು ದೇವಾಲಯದ ಆವರಣ. ದೇವಸ್ಥಾನದ ಆವರಣದೊಳಗಿನ ಆ ಕೋಣೆಗೆ ದಲಿತರೂ, ಮುಟ್ಟಾದ ದಿನಗಳಲ್ಲಿ ಹೆಂಗಸರೂ ಬರಬಹುದೆಂದು ಗೊತ್ತಾಯಿತು. ಮಾಹಿತಿಯನ್ನು ಹರಡಲೆಂದು ಬಂದ ಯಂತ್ರವೊಂದು, ತಾನು ಬಾಯ್ಬಿಟ್ಟು ಹೇಳದೆಯೇ, ಆವರಣದ ಕಟ್ಟಳೆಯನ್ನು ಒಂದು ಗೇಣಿನಷ್ಟು ಸಡಿಲಿಸಿತು. ಷರತ್ತಿಲ್ಲದೆ ಯಂತ್ರ ಮಾತ್ರ ಬಂದಿದ್ದರೆ ಇಷ್ಟೂ ಆಗುತ್ತಿರಲಿಲ್ಲವೆಂಬುದನ್ನು ಮರೆಯಲಾಗದು.

ವೀರಂಪಟ್ಟಿಣಂ ಬೆಸ್ತರ ಊರು. ಅವರಿಗೆ ಧಾನ್ಯದ ಧಾರಣೆಯಿಂದ ಆಗಬೇಕಾದದ್ದೇನು? ಬೆಳಗಿನ ಜಾವ ಕಟ್ಟುಮರವನ್ನು ನೀರಿಗಿಳಿಸುವವನು ತಿಳಿಯಬಯಸುವುದು ನಾಳೆಯ ಅಲೆ ಎಷ್ಟು ಎತ್ತರ ಏಳುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂಬುದನ್ನು. ಅಮೆರಿಕದ ನೌಕಾಪಡೆ ತನ್ನ ಕಾರ್ಯಕ್ಕಾಗಿ ಸಿದ್ಧಪಡಿಸಿ ಅಂತರಜಾಲದಲ್ಲಿ ಪ್ರಕಟಿಸುತ್ತಿದ್ದ ಅಲೆಗಳ ಮುನ್ಸೂಚನೆ ಬಂಗಾಳ ಕೊಲ್ಲಿಗೂ ಅನ್ವಯವಾಗುತ್ತಿತ್ತು. ಕೇಂದ್ರದಲ್ಲಿ ಅದನ್ನು ಇಳಿಸಿಕೊಂಡು, ತಮಿಳಿಗೆ ತಂದು, ಬೀದಿಯ ಕಂಬಗಳಿಗೆ ಕಟ್ಟಿದ್ದ ಧ್ವನಿವರ್ಧಕಗಳಲ್ಲಿ ಸಾರಲಾಯಿತು. ಯುದ್ಧನೌಕೆಗಳಿಗಾಗಿ ಹುಟ್ಟಿದ ತಿಳಿವಳಿಕೆ, ಓದು ಬಾರದ ಮೀನುಗಾರನ ಕಿವಿಗೆ ಅವನ ನುಡಿಯಲ್ಲೇ ಬಿದ್ದಿತು. ಈ ಸರಪಳಿಯ ಕೊನೆಯ ಕೊಂಡಿ, ಜನ ಮೈಕು ಎಂದು ಕರೆಯುವ ಹಳೆಯ ಸಲಕರಣೆಯೆಂಬುದು ಗಮನಿಸತಕ್ಕ ಅಂಶ. ಪರದೆಯ ಮುಂದೆ ಕುಳಿತು ಓದಬಲ್ಲವರಿಗೆ ಮಾತ್ರ ತಿಳಿವು ದಕ್ಕಲಿ ಎಂದಿದ್ದರೆ ಈ ಊರಿನ ಬಹುಪಾಲು ಹೊರಗುಳಿಯುತ್ತಿತ್ತು.

ಈ ಏರ್ಪಾಡಿನ ನಿಜವಾದ ಬೆಲೆ 2004ರ ಡಿಸೆಂಬರ್ 26ರ ಬೆಳಗ್ಗೆ ಗೊತ್ತಾಯಿತು. ನಲ್ಲವಾಡು ಎಂಬ ಇನ್ನೊಂದು ಬೆಸ್ತರ ಊರಿನಲ್ಲಿಯೂ ಇಂಥದೇ ಕೇಂದ್ರವೂ ಧ್ವನಿವರ್ಧಕಗಳೂ ಇದ್ದವು. ಆ ಊರಿನವನೇ ಆದ, ಆಗ ಸಿಂಗಪುರದಲ್ಲಿ ಕೆಲಸದಲ್ಲಿದ್ದ ತರುಣನೊಬ್ಬ ಸುಮಾತ್ರಾದ ಭೂಕಂಪದ ಸುದ್ದಿಯನ್ನು ದೂರದರ್ಶನದಲ್ಲಿ ಕಂಡು ಮನೆಗೆ ದೂರವಾಣಿ ಮಾಡಿದನು. ಸುದ್ದಿ ತಿಳಿದವರು ಕೇಂದ್ರಕ್ಕೆ ಧಾವಿಸಿ ಧ್ವನಿವರ್ಧಕದಲ್ಲಿ ಎಚ್ಚರಿಕೆಯನ್ನು ಕೂಗಿದರು. ಮೂರೂವರೆ ಸಾವಿರಕ್ಕೂ ಹೆಚ್ಚಿನ ಜನ ದಡ ಬಿಟ್ಟು ಒಳಸರಿದರು. ಮನೆಗಳು ಕುಸಿದವು, ದೋಣಿಗಳು ನಾಶವಾದವು. ಊರಿನಲ್ಲಿ ಪ್ರಾಣಹಾನಿ ಆಗಲಿಲ್ಲ. ಇದನ್ನು ಯಂತ್ರದ ಪವಾಡವೆಂದು ಕೊಂಡಾಡುವವರುಂಟು. ಆ ಧ್ವನಿವರ್ಧಕದಿಂದ ಬಂದ ಮಾತನ್ನು ದಿನವೂ ಕೇಳಿ, ಸಮುದ್ರದ ಮೇಲೆ ಪರೀಕ್ಷಿಸಿ, ನಂಬತಕ್ಕ ಮಾತೆಂದು ಊರು ಮೊದಲೇ ನಿಶ್ಚಯಿಸಿಕೊಂಡಿದ್ದುದರಿಂದಲೇ ಅಂದು ಯಾರೂ ಚರ್ಚಿಸುತ್ತ ನಿಲ್ಲಲಿಲ್ಲವೆಂದು ನನಗೆ ತೋರುತ್ತದೆ. ತನ್ನ ನಿತ್ಯದ ಪ್ರಶ್ನೆಗೆ ಉತ್ತರ ಕೊಡುತ್ತ ಬಂದ ಕಂಬದ ಮಾತನ್ನು ಊರು ಆಪತ್ಕಾಲದಲ್ಲಿಯೂ ಕಿವಿಗೊಟ್ಟು ಕೇಳಿತು.

ಬೂದಿಕೋಟೆ ಮತ್ತು ಪಸ್ತಾಪುರ

ಹೈದರಾಲಿಯ ಜನ್ಮಸ್ಥಳವೆಂದು ಪ್ರಸಿದ್ಧವಾದ ಬೂದಿಕೋಟೆ ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನಲ್ಲಿದೆ. ಮಳೆಯನ್ನೇ ನೆಚ್ಚಿದ ಬೇಸಾಯ, ಬತ್ತುವ ಕೆರೆ, ವಾರದ ಸಂತೆ, ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯ ಪ್ರೋತ್ಸಾಹದಿಂದ ಬಲಗೊಂಡಿದ್ದ ಹೆಂಗಸರ ಸ್ವಸಹಾಯ ಸಂಘಗಳು: ಇದು ಆ ಊರಿನ ಸ್ಥಿತಿ. ಬೆಂಗಳೂರಿನ ವಾಯ್ಸಸ್ ಸಂಸ್ಥೆ ಈ ಸಂಘಗಳೊಡನೆ ಸೇರಿ, ಊರವರೇ ತಮ್ಮ ಕಾರ್ಯಕ್ರಮಗಳನ್ನು ಧ್ವನಿಮುದ್ರಿಸುವ ಕಾರ್ಯವನ್ನು ಆರಂಭಿಸಿತು. 2001ರಲ್ಲಿ ಯುನೆಸ್ಕೊ ನೆರವಿನಿಂದ ‘ನಮ್ಮ ಧ್ವನಿ’ ಎಂಬ ಪುಟ್ಟ ಧ್ವನಿಮುದ್ರಣ ಕೇಂದ್ರ ಸ್ಥಾಪಿತವಾಯಿತು. ಅದರ ಜೊತೆಗೆ ಗಣಕಯಂತ್ರಗಳೂ ಬಂದವು. ರಾಗಿಯ ಬೆಳೆ, ರೇಷ್ಮೆ, ಮನೆಮದ್ದು, ಸಂಘದ ಸಾಲದ ಲೆಕ್ಕ, ಜಾನಪದ ಗೀತೆ, ಪಂಚಾಯತಿಯ ವಿಚಾರ ಎಲ್ಲವೂ ಅಲ್ಲಿನ ಮಾತಿನಲ್ಲಿ, ಕನ್ನಡದ ಬದಿಗೆ ತೆಲುಗು ಸಹಜವಾಗಿ ಸುಳಿಯುವ ಆ ಗಡಿನಾಡಿನ ಮಾತಿನಲ್ಲಿ, ಮುದ್ರಿತವಾದವು.

ಮುದ್ರಿಸಿದ್ದನ್ನು ಕೇಳಿಸುವುದು ಹೇಗೆ? ಗಾಳಿಯಲ್ಲಿ ಧ್ವನಿಯನ್ನು ಬಿಡಲು ಸರಕಾರದ ಪರವಾನಗಿ ಬೇಕು. ಹಳ್ಳಿಯ ಸಂಘಕ್ಕೆ ಪರವಾನಗಿ ಕೊಡುವ ನಿಯಮವೇ ಆಗ ಇರಲಿಲ್ಲ. ವಾಯುತರಂಗಗಳು ಸಾರ್ವಜನಿಕರ ಸೊತ್ತು ಎಂದು ಸರ್ವೋಚ್ಚ ನ್ಯಾಯಾಲಯ 1995ರ ಫೆಬ್ರುವರಿಯಲ್ಲಿಯೇ ತೀರ್ಪಿತ್ತಿತ್ತು. 1996ರಲ್ಲಿ ಬೆಂಗಳೂರಿನಲ್ಲಿ ಕೂಡಿದ ಆಸಕ್ತರು ಸಮುದಾಯ ಬಾನುಲಿಗೆ ಅವಕಾಶವಿರಬೇಕೆಂದು ಘೋಷಣೆಯನ್ನು ಹೊರಡಿಸಿದ್ದರು. ಆದರೂ ತರಂಗಗಳ ಒಡೆಯರಾದ ಸಾರ್ವಜನಿಕರಿಗೆ ತರಂಗವನ್ನು ಮುಟ್ಟುವ ಅಧಿಕಾರ ಬರಲಿಲ್ಲ. ಮೊದಮೊದಲು ಧ್ವನಿಸುರುಳಿಗಳನ್ನು ಸಂಘದ ಸಭೆಗಳಲ್ಲಿಯೂ ಸಂತೆಯಲ್ಲಿಯೂ ಹಾಕಿ ಕೇಳಿಸುತ್ತಿದ್ದರು. ಬಳಿಕ ಊರವರು ಒಂದು ಉಪಾಯವನ್ನು ಕಂಡುಕೊಂಡರು: ಗಾಳಿಯಲ್ಲಿ ಹೋಗಲಾರದ ಧ್ವನಿ ತಂತಿಯಲ್ಲಿ ಹೋಗಬಹುದಷ್ಟೆ. 2003ರಲ್ಲಿ, ಮನೆಮನೆಗೆ ದೂರದರ್ಶನವನ್ನು ಒಯ್ಯುತ್ತಿದ್ದ ಕೇಬಲ್ಲಿನ ಮೂಲಕವೇ ‘ನಮ್ಮ ಧ್ವನಿ’ ಬಿತ್ತರಗೊಳ್ಳತೊಡಗಿತು. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕರೊಬ್ಬರಿಗೆ ಆಕಾಶಮಾರ್ಗ ದೊರೆತಿತ್ತು. 2003ರಲ್ಲಿ ಬೂದಿಕೋಟೆಯ ಹೆಂಗಸರು ಕಂಬದಿಂದ ಕಂಬಕ್ಕೆ ತಂತಿ ಹಿಡಿದು ನಡೆಯಬೇಕಾಯಿತು.

ಕುಡಿಯುವ ನೀರಿನ ತೊಂದರೆ ಬಂದಾಗ ಹೆಂಗಸರ ದೂರುಗಳು ಇದೇ ಧ್ವನಿಯಲ್ಲಿ ಊರಿಗೆಲ್ಲ ಕೇಳಿಸಿ, ಪಂಚಾಯತಿ ಆ ಕಡೆ ಗಮನ ಹರಿಸಬೇಕಾಯಿತೆಂಬುದು ಆ ಕೇಂದ್ರದ ಕಥೆಯಲ್ಲಿ ಪದೇ ಪದೇ ಬರುವ ಸಂಗತಿ. ಕೊಳಾಯಿಯ ಬಳಿ ಸಾಲು ನಿಂತವರ ಗೊಣಗು ಅದುವರೆಗೂ ಇದ್ದದ್ದೇ. ಯಂತ್ರ ಹೊಸ ದುಃಖವನ್ನೇನೂ ಹುಟ್ಟಿಸಲಿಲ್ಲ. ಬಾವಿಕಟ್ಟೆಯಲ್ಲಿ ಆಡಿದ್ದು ಬಾವಿಕಟ್ಟೆಯಲ್ಲೇ ಕರಗುತ್ತಿತ್ತು. ಅದು ಈಗ ಅಧ್ಯಕ್ಷರ ಮನೆಯ ಪಡಸಾಲೆಯಲ್ಲಿಯೂ ಕೇಳಿಸಿತು. ಅರ್ಜಿ ಬರೆಯಲು ಬಾರದವಳಿಗೆ ಇದಕ್ಕಿಂತ ನೇರವಾದ ಅರ್ಜಿ ಯಾವುದು?

ಇದೇ ಕಾಲದಲ್ಲಿ, ಆಗಿನ ಆಂಧ್ರಪ್ರದೇಶದ ಮೇದಕ್ ಜಿಲ್ಲೆಯಲ್ಲಿ, ಜಹೀರಾಬಾದಿನ ಬಳಿಯ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಆಶ್ರಯದ ಹೆಂಗಸರು ಇನ್ನೂ ದೀರ್ಘವಾದ ತಾಳ್ಮೆಯನ್ನು ತೋರಿಸಿದರು. ಅವರಲ್ಲಿ ಬಹುಮಂದಿ ದಲಿತರು, ಅಲ್ಪ ಭೂಮಿಯ ಒಡತಿಯರು, ಅನೇಕರು ಅಕ್ಷರ ಕಲಿಯದವರು. ಯುನೆಸ್ಕೊ ನೆರವಿನಿಂದ ಅವರ ಬಾನುಲಿ ಕೇಂದ್ರ 1998ರ ಸುಮಾರಿಗೇ ಸಿದ್ಧವಾಗಿತ್ತು; ಪರವಾನಗಿಯಿಲ್ಲದ ಹತ್ತು ವರ್ಷ ಅವರು ಕಾರ್ಯಕ್ರಮಗಳನ್ನು ಮುದ್ರಿಸಿ ಸಂಘದ ಸಭೆಗಳಲ್ಲಿ ಕೇಳುತ್ತ ಕೇಳಿಸುತ್ತ ಇದ್ದರು. ಅವರೇ ಚಿತ್ರಗ್ರಹಣವನ್ನೂ ಕಲಿತು, ಬಿತ್ತನೆಯ ಬೀಜ, ಸಿರಿಧಾನ್ಯ, ಬಿಟಿ ಹತ್ತಿಯಿಂದ ವಾರಂಗಲ್ಲಿನ ರೈತರಿಗಾದ ನಷ್ಟ ಮೊದಲಾದ ವಿಷಯಗಳ ಮೇಲೆ ಚಿತ್ರಗಳನ್ನು ತಯಾರಿಸಿದರು. 2006ರ ನವೆಂಬರಿನಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಪರವಾನಗಿ ಕೊಡುವ ನೀತಿಯನ್ನು ಕೇಂದ್ರ ಸರಕಾರ ಒಪ್ಪಿತು. 2008ರ ಅಕ್ಟೋಬರ್ 15ರಂದು ಮಾಚನೂರಿನಿಂದ ಸಂಘಂ ರೇಡಿಯೊ ಗಾಳಿಗೆ ಏರಿತು. ಬರೆಯಲು ಬಾರದಿದ್ದರೂ ಬೀಜದ ಗುಣವನ್ನು ಕೈಯಲ್ಲಿ ಹಿಡಿದು ಹೇಳಬಲ್ಲವರನ್ನು ಅಜ್ಞಾನಿಗಳೆಂದು ಕರೆಯುವ ಲೋಕಕ್ಕೆ ಇದು ಸಾಕಾದಷ್ಟು ಉತ್ತರ. ಆದರೆ ನಿಯಮದ ಕೈ ಇನ್ನೂ ಬಿಗಿಯಾಗಿಯೇ ಇದೆ: ಸಮುದಾಯ ಬಾನುಲಿ ಹಾಡಬಹುದು, ಬೇಸಾಯದ ಮಾತಾಡಬಹುದು, ತನ್ನದೇ ವಾರ್ತೆಯನ್ನು ಸಂಗ್ರಹಿಸಿ ಪ್ರಸಾರ ಮಾಡುವಂತಿಲ್ಲ. ಊರಿಗೆ ಕಂಠವನ್ನು ಕೊಟ್ಟು, ಊರಿನ ಸುದ್ದಿಯನ್ನು ಮಾತ್ರ ನಿಷೇಧಿಸಿದ ಈ ಏರ್ಪಾಡು ವಿಚಾರಾರ್ಹವಾಗಿದೆ.

ತಾಲೇಯಾದ ದೂರವಾಣಿ

ಹೊರದೇಶದ ಒಂದು ನಿದರ್ಶನವನ್ನೂ ನೋಡೋಣ. ಮೆಕ್ಸಿಕೊ ದೇಶದ ವಹಾಕಾ ಪ್ರಾಂತದ ಬೆಟ್ಟಗಳಲ್ಲಿ ತಾಲೇಯಾ ದೆ ಕಾಸ್ತ್ರೊ ಎಂಬ ಊರಿದೆ. ಜನ ಸುಮಾರು 2,500. ಸಪೋಟೆಕ್ ಎಂಬ ಮೂಲನಿವಾಸಿ ಜನಾಂಗದವರು. ಇಷ್ಟು ಚಿಕ್ಕ ಊರಿಗೆ ಗೋಪುರ ನೆಟ್ಟರೆ ಲಾಭವಿಲ್ಲವೆಂದು ದೊಡ್ಡ ದೂರವಾಣಿ ಕಂಪನಿಗಳು ಬರಲೊಪ್ಪಲಿಲ್ಲ. 2013ರಲ್ಲಿ ಊರಿನ ಸಭೆ, ರೈಜೋಮ್ಯಾಟಿಕಾ ಎಂಬ ಸಂಸ್ಥೆಯ ನೆರವನ್ನು ಪಡೆದು, ಮುಕ್ತ ತಂತ್ರಾಂಶದಿಂದ ನಡೆಯುವ ಸ್ವಂತ ಮೊಬೈಲ್ ಜಾಲವನ್ನು ಸ್ಥಾಪಿಸಿತು. ತಿಂಗಳ ಚಂದಾ 15 ಪೆಸೊ. ಒಮ್ಮೆಗೆ ಕೆಲವೇ ಕರೆಗಳಿಗೆ ಮಾತ್ರ ಎಡೆಯಿದ್ದುದರಿಂದ ಒಂದೊಂದು ಕರೆಯೂ 5 ನಿಮಿಷಕ್ಕೆ ಮುಗಿಯಬೇಕೆಂದು ನಿಯಮವಾಯಿತು. ಮಾತಿನ ಸರದಿಯನ್ನು ಹಂಚಿಕೊಳ್ಳುವ ಕಟ್ಟಳೆಯನ್ನು ಊರು ತನಗೆ ತಾನೇ ವಿಧಿಸಿಕೊಂಡಿತು. ದುಡಿಯಲು ಲಾಸ್ ಏಂಜಲೀಸಿಗೆ ಹೋದ ಮಕ್ಕಳೊಡನೆ ಮಾತನಾಡಲು ಹಿಂದೆ ತೆರುತ್ತಿದ್ದುದರ ಸಣ್ಣ ಭಾಗವಷ್ಟೆ ಖರ್ಚಾಗತೊಡಗಿತು. ಇತರ ಹಳ್ಳಿಗಳೂ ಈ ಮಾರ್ಗವನ್ನು ಹಿಡಿದ ಮೇಲೆ, 2016ರಲ್ಲಿ ಆ ದೇಶದ ದೂರಸಂಪರ್ಕ ಪ್ರಾಧಿಕಾರ ಮೂಲನಿವಾಸಿಗಳ ಸಂಘವೊಂದಕ್ಕೆ ತರಂಗಗಳನ್ನು ಬಳಸುವ ಅನುಮತಿಯನ್ನು ವಿಧಿವತ್ತಾಗಿ ಕೊಟ್ಟಿತು. ಬೂದಿಕೋಟೆಯೂ ತಾಲೇಯಾವೂ ಒಂದನ್ನೊಂದು ಕಂಡಿಲ್ಲ. ಆದರೂ ಎರಡು ಕಡೆಯೂ ನಡೆದ ಕ್ರಮ ಒಂದೇ. ಊರು ಮೊದಲು ಕೆಲಸವನ್ನು ಮಾಡಿ ತೋರಿಸಿತು. ನಿಯಮ ಅದರ ಹಿಂದೆ ನಡೆದುಬಂತು.

ಮೇಲಿನಿಂದ ಇಳಿದ ಯಂತ್ರ

ಸರಕಾರ ನೆಟ್ಟ ಯಂತ್ರ ನಿಷ್ಪ್ರಯೋಜಕವೆಂದು ನನ್ನ ಮಾತಿನಿಂದ ಯಾರೂ ಗ್ರಹಿಸಬಾರದು. ನಮ್ಮ ರಾಜ್ಯದ ‘ಭೂಮಿ’ ಯೋಜನೆ 2001ರ ಸುಮಾರಿಗೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಯಾರಿಗಾದರೂ ಪ್ರತಿ ದೊರೆಯುವಂತೆ ಮಾಡಿತು. ಪಹಣಿಗಾಗಿ ಗ್ರಾಮಲೆಕ್ಕಿಗರ ಹಿಂದೆ ಅಲೆದು, ಕೈ ಬೆಚ್ಚಗೆ ಮಾಡಿ ಬಸವಳಿದಿದ್ದ ರೈತನಿಗೆ ಅದು ಸಣ್ಣ ಉಪಕಾರವಲ್ಲ. ಆದರೆ ಆ ಯಂತ್ರಕ್ಕೆ ಕೇಳಲ್ಪಟ್ಟ ಪ್ರಶ್ನೆ ‘ದಾಖಲೆಯಲ್ಲಿ ಯಾರ ಹೆಸರಿದೆ?’ ಎಂಬುದಾಗಿತ್ತು. ತಾತನ ಹೆಸರಿನಲ್ಲೇ ಉಳಿದು ಪೌತಿ ಖಾತೆಯಾಗದ ಹೊಲವನ್ನು ಉಳುವ ಮೊಮ್ಮಗ, ತವರಿನ ಪಾಲು ಕಾಗದಕ್ಕೆ ಇಳಿಯದ ಹೆಣ್ಣುಮಗಳು, ತಲೆಮಾರುಗಳಿಂದ ಸಾಗುವಳಿ ಮಾಡಿಯೂ ಸಾಗುವಳಿ ಚೀಟಿ ಪಡೆಯದವನು ಇವರ ಪ್ರಶ್ನೆ ‘ನನ್ನ ಹೆಸರು ಏಕಿಲ್ಲ?’ ಎಂಬುದು. ಅದಕ್ಕೆ ಯಂತ್ರದಲ್ಲಿ ಗುಂಡಿಯಿರಲಿಲ್ಲ. ಹಳೆಯ ದಾಖಲೆಯಲ್ಲಿದ್ದ ಅನ್ಯಾಯ, ಅಳಿಸಲಾಗದ ಅಚ್ಚಿನಲ್ಲಿ ಇನ್ನಷ್ಟು ಸ್ಪಷ್ಟವಾಗಿ ಮೂಡಿತು. ಬೆಂಗಳೂರಿನ ಸುತ್ತಮುತ್ತ ಭೂಮಿಯನ್ನು ಹುಡುಕುತ್ತಿದ್ದ ಧನಿಕರಿಗೆ ಅದೇ ಸ್ಪಷ್ಟತೆ ಅನುಕೂಲವಾಗಿ ಪರಿಣಮಿಸಿತೆಂದು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ.

ನ್ಯಾಯಬೆಲೆ ಅಂಗಡಿಯ ಹೆಬ್ಬೆಟ್ಟಿನ ಯಂತ್ರದ ವಿಚಾರವೂ ಹೀಗೆಯೇ. ಪಡಿತರ ಪೋಲಾಗಬಾರದೆಂಬ ಉದ್ದೇಶ ಸಾಧುವಾದದ್ದು. ಆದರೆ ಕಲ್ಲು ಹೊತ್ತು, ಕಳೆ ಕಿತ್ತು ಬೆರಳಿನ ಗೆರೆ ಸವೆದ ಮುದುಕಿ ‘ಹೆಬ್ಬೆಟ್ಟು ಬರ್ತಿಲ್ಲ’ ಎಂದೋ ‘ಸರ್ವರ್ ಇಲ್ಲ, ನಾಳೆ ಬಾ’ ಎಂದೋ ಹೇಳಿಸಿಕೊಂಡು ಹಿಂದಿರುಗುವಾಗ, ‘ಇವಳು ಇವಳೇ ಹೌದೇ?’ ಎಂದು ಯಂತ್ರ ಅವಳನ್ನು ಕೇಳಿದೆಯೇ ಹೊರತು, ಅವಳು ಯಂತ್ರವನ್ನು ಏನನ್ನೂ ಕೇಳಲಾಗಿಲ್ಲ. ನೆರೆಹೊರೆಯವರೆಲ್ಲ ಅವಳನ್ನು ಬಲ್ಲರು, ಯಂತ್ರವೊಂದು ಅರಿಯದು. ಬಲ್ಲವರ ಸಾಕ್ಷ್ಯಕ್ಕೆ ಬೆಲೆಯಿರುವ ಏರ್ಪಾಡನ್ನು ಊರೊಡನೆ ಕುಳಿತು ರೂಪಿಸಿದ್ದರೆ ಈ ತೊಡಕು ಇಷ್ಟು ಬೆಳೆಯುತ್ತಿರಲಿಲ್ಲ.

ಊರೊಳಗಿನ ಹೊರಗು

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. ಊರು ಊರು ಎಂದು ಹೇಳುತ್ತೀರಿ, ಆ ಊರೆಂಬುದು ಒಂದೇ ಮನಸ್ಸಿನದೇ, ಅದರಲ್ಲಿ ಮೇಲುಕೇರಿ ಕೆಳಕೇರಿಗಳಿಲ್ಲವೆ, ಊರಿನ ಪ್ರಶ್ನೆಯೆಂದರೆ ಗೌಡರ ಪ್ರಶ್ನೆಯೇ ಆಗಲಾರದೆ ಎಂದು ಕೇಳಬಹುದು. ಆಕ್ಷೇಪ ಯಥಾರ್ಥವಾದದ್ದು. ಎಂಬಲಂನ ಬಾಗಿಲು ತಾನಾಗಿ ತೆರೆಯಲಿಲ್ಲ, ಷರತ್ತಿನಿಂದ ತೆರೆಯಿತು. ಬೂದಿಕೋಟೆಯ ಹೆಂಗಸರು ಸಂಘದಲ್ಲಿ ಒಟ್ಟು ಕುಳಿತು ಉಳಿತಾಯದ ಲೆಕ್ಕ ಬರೆಯುವುದನ್ನೂ ಸಭೆಯಲ್ಲಿ ಎದ್ದು ಮಾತನಾಡುವುದನ್ನೂ ರೂಢಿಸಿಕೊಂಡ ಮೇಲೆ ಧ್ವನಿವಾಹಕದ ಮುಂದೆ ಕುಳಿತರು. ಪಸ್ತಾಪುರದಲ್ಲಿಯೂ ಬಾನುಲಿಗಿಂತ ಸಂಘ ಹಿರಿಯದು. ಆದುದರಿಂದ ಪ್ರಶ್ನೆಯ ಒಡೆತನವನ್ನು ಊರಿಗೆ ಕೊಡುವುದೆಂದರೆ, ಊರಿನಲ್ಲಿ ಇದುವರೆಗೂ ಪ್ರಶ್ನೆ ಕೇಳದೆ ಇದ್ದವರು ಕೂಡುವ ಸಂಸ್ಥೆಯನ್ನು ಮೊದಲು ಬಲಪಡಿಸುವುದು ಎಂದೇ ಅರ್ಥಮಾಡಿಕೊಳ್ಳತಕ್ಕದ್ದು.

ಬಾಳಿಕೆಯ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡದ್ದೇ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 2000ದಲ್ಲಿ ಆರಂಭವಾಗಿ ಹಳ್ಳಿಗಳಲ್ಲಿ ಗಣಕಯಂತ್ರದ ಕೇಂದ್ರಗಳನ್ನು ತೆರೆದ ‘ಜ್ಞಾನದೂತ’ ಯೋಜನೆ ಅದೇ ವರ್ಷ ಸ್ಟಾಕ್‌ಹೋಮಿನ ಪ್ರಶಸ್ತಿಯನ್ನು ಗಳಿಸಿತು. ಕೆಲವು ವರ್ಷಗಳಲ್ಲಿ ಅದರ ಕೇಂದ್ರಗಳತ್ತ ಜನರ ಸುಳಿದಾಟ ಕ್ಷೀಣಿಸಿತು. ಉತ್ಸಾಹಿಗಳಾದ ಅಧಿಕಾರಿಗಳು ವರ್ಗವಾಗುವರು, ದಾನಿಗಳ ಧನ ತೀರುವುದು, ಯಂತ್ರ ಹಳತಾಗುವುದು. ಇವು ಎಲ್ಲೆಲ್ಲಿಯೂ ನಡೆಯತಕ್ಕವೇ. ಆಗ ಕೇಂದ್ರವನ್ನು ಉಳಿಸಿಕೊಳ್ಳುವವರು, ಅದಿಲ್ಲದಿದ್ದರೆ ತಮ್ಮ ಯಾವ ಪ್ರಶ್ನೆಗೆ ಉತ್ತರವಿಲ್ಲದೆ ಹೋಗುತ್ತದೆಂದು ಬಲ್ಲವರು ಮಾತ್ರ. ಕೋಣೆ ಕೊಟ್ಟ ಎಂಬಲಂ ಆ ಬಗೆಯ ಸಾಲಿನದು.

ಕನ್ನಡದ ಪಾಲು

ಭಾಷೆಯ ವಿಷಯದಲ್ಲಿ ನಮ್ಮ ಸ್ಥಿತಿ ನಿರಾಶಾದಾಯಕವಲ್ಲ. ಗಣಕಯಂತ್ರದಲ್ಲಿ ಕನ್ನಡವನ್ನು ಬರೆಯುವ ಸುಲಭಕ್ರಮವನ್ನು ಕೆ.ಪಿ. ರಾವ್ ಅವರು ರೂಪಿಸಿಕೊಟ್ಟರು. ‘ಬರಹ’, ‘ನುಡಿ’ ಎಂಬ ತಂತ್ರಾಂಶಗಳು ಅದನ್ನು ಮನೆಮನೆಗೆ ಮುಟ್ಟಿಸಿದವು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ, ಹಲವು ವರ್ಷಗಳ ಪೂರ್ವಸಿದ್ಧತೆಯ ತರುವಾಯ 2016ರಲ್ಲಿ ಪ್ರತ್ಯೇಕ ಅಸ್ತಿತ್ವವನ್ನು ಪಡೆದ ತುಳು ವಿಕಿಪೀಡಿಯವೂ ಸಂಬಳವಿಲ್ಲದೆ ದುಡಿದವರ ಕೃತಿಗಳು. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ತುಳುವಿಗೆ ಇನ್ನೂ ಸ್ಥಾನ ಸಿಕ್ಕಿಲ್ಲ. ಜಾಲಲೋಕದ ವಿಶ್ವಕೋಶದಲ್ಲಿ ಅದರ ಮಕ್ಕಳು ತಾವೇ ಸ್ಥಾನವನ್ನು ನಿರ್ಮಿಸಿಕೊಂಡರು.

ಅಂಧರ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶಗಳು ಮೊದಲು ಬಹು ದುಬಾರಿಯಾಗಿದ್ದವು. 2006ರಲ್ಲಿ ಆಸ್ಟ್ರೇಲಿಯದ ಅಂಧ ತರುಣರು ಎನ್‌ವಿಡಿಎ ಎಂಬ ತಂತ್ರಾಂಶದ ರಚನೆಯನ್ನು ಆರಂಭಿಸಿ, ಅದನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟರು. ಮುಕ್ತ ತಂತ್ರಾಂಶವಾದ ಇ-ಸ್ಪೀಕ್ ಮೂಲಕ ಅದು ಕನ್ನಡವನ್ನೂ ಓದುತ್ತದೆ. ಕಣ್ಣಿಲ್ಲದವನಿಗೆ ಏನು ಬೇಕೆಂದು ಕಣ್ಣಿರುವವರು ಊಹಿಸಿ ತಯಾರಿಸಿದ್ದಕ್ಕೂ, ಅವನೇ ತನ್ನ ಬೇಕನ್ನು ಅರಿತು ರಚಿಸಿದ್ದಕ್ಕೂ ಇರುವ ವ್ಯತ್ಯಾಸ ಬಳಸಿದವರಿಗೆ ಚೆನ್ನಾಗಿ ತಿಳಿದಿದೆ. ಆದರೆ ನಮ್ಮ ಎಷ್ಟೋ ಆದೇಶಗಳೂ ಸುತ್ತೋಲೆಗಳೂ ಇಂದಿಗೂ ಕಾಗದದ ಛಾಯಾಚಿತ್ರಗಳಾಗಿ ಜಾಲಕ್ಕೆ ಏರುತ್ತವೆ. ಅವನ್ನು ಆ ತಂತ್ರಾಂಶ ನೇರವಾಗಿ ಓದಲಾರದು. ಇದು ಹಣವಿಲ್ಲದೆ ಉಂಟಾದ ಕೊರತೆಯಲ್ಲ. ಓದುಗರಲ್ಲಿ ಅಂಧರೂ ಇರುವರೆಂಬ ನೆನಪಿಲ್ಲದೆ ಉಂಟಾದದ್ದು.

ಮಾಡತಕ್ಕದ್ದು

ಕೊನೆಯದಾಗಿ ಒಂದು ಸಲಹೆ. ನಮ್ಮ ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯತಿ ಗ್ರಂಥಾಲಯಗಳಿವೆ. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದವು. ‘ಅರಿವು ಕೇಂದ್ರ’ ಎಂಬ ಹೆಸರಿನಲ್ಲಿ ಬಹು ಕಡೆ ಗಣಕಯಂತ್ರಗಳನ್ನೂ ಅಂತರಜಾಲವನ್ನೂ ಪಡೆದುಕೊಂಡಿವೆ. ಕೋಣೆ ಉಂಟು, ಮೇಲ್ವಿಚಾರಕರು ಉಂಟು, ಮಕ್ಕಳು ಬಂದು ಹೋಗುವ ರೂಢಿಯೂ ಉಂಟು. ವಿಲ್ಲಿಯನೂರಿನವರು ಹೊಸದಾಗಿ ಕೂಡಿಸಬೇಕಾಗಿದ್ದುದರಲ್ಲಿ ಬಹುಭಾಗ ನಮ್ಮಲ್ಲಿ ಈಗಾಗಲೇ ಕೂಡಿದೆ.

ಇಂಥ ಒಂದೊಂದು ಕೇಂದ್ರದಲ್ಲಿಯೂ ಒಂದು ಪುಸ್ತಕವಿರಬೇಕೆಂದು ನಾನು ಸೂಚಿಸುತ್ತೇನೆ. ಪುಸ್ತಕ ಎಷ್ಟು ಬಂತು, ಯಂತ್ರ ಎಷ್ಟು ಹೊತ್ತು ಉರಿಯಿತು ಎಂಬ ಲೆಕ್ಕವನ್ನು ಇಲಾಖೆ ಹೇಗೂ ಕೇಳುತ್ತದೆ. ಈ ಪುಸ್ತಕದಲ್ಲಿ ಬರೆಯಬೇಕಾದದ್ದು, ಬಂದವರು ಯಾವ ಪ್ರಶ್ನೆಯನ್ನು ತಂದರು, ಉತ್ತರ ಸಿಕ್ಕಿತೆ ಇಲ್ಲವೆ ಎಂಬ ಎರಡೇ ವಿವರ. ಬರೆಯಲಾರದವರ ಪ್ರಶ್ನೆಯನ್ನು ಮೇಲ್ವಿಚಾರಕರು ಅವರ ಮಾತಿನಲ್ಲಿಯೇ ಬರೆದುಕೊಳ್ಳಲಿ. ಹೆಸರು ಬೇಡವೆಂದವರ ಹೆಸರನ್ನು ಬಿಡಲಿ. ಗ್ರಾಮಸಭೆ ಸೇರಿದಾಗ ಆ ಪುಸ್ತಕವನ್ನು ಗಟ್ಟಿಯಾಗಿ ಓದಲಿ. ಯಾವ ಕೇರಿಯಿಂದ ಒಂದು ಪ್ರಶ್ನೆಯೂ ಬಂದಿಲ್ಲ, ಹೆಂಗಸರ ಪ್ರಶ್ನೆಗಳೆಷ್ಟು, ಅಂಗವಿಕಲರು ಕೇಂದ್ರದ ಮೆಟ್ಟಿಲು ಹತ್ತಿದರೆ ಎಂಬುದು ಆಗ ತಾನಾಗಿ ಹೊರಬೀಳುತ್ತದೆ. ಉತ್ತರ ಸಿಗದೆ ಉಳಿದ ಪ್ರಶ್ನೆಗಳ ಪಟ್ಟಿಯೇ ಮುಂದಿನ ವರ್ಷದ ಕ್ರಿಯಾಯೋಜನೆಗೆ ಆಧಾರವಾಗಲಿ. ಹೊಸ ಯಂತ್ರ ಬೇಕೆ, ಧ್ವನಿವರ್ಧಕ ಸಾಕೆ, ವಾರಕ್ಕೊಮ್ಮೆ ಒಬ್ಬ ಬಲ್ಲವರು ಬಂದು ಕುಳಿತರೆ ಆದೀತೆ ಎಂಬುದನ್ನು ಆ ಪಟ್ಟಿಯನ್ನು ನೋಡಿ ಸಭೆಯೇ ನಿರ್ಣಯಿಸಲಿ.

ಇದಕ್ಕೆ ತಗಲುವ ವೆಚ್ಚ ಒಂದು ನೋಟ್ ಪುಸ್ತಕದ ಬೆಲೆ. ಇದರಿಂದ ಅಧಿಕಾರಸ್ಥರಿಗೆ ಆಗಬಹುದಾದ ಇರಿಸುಮುರಿಸು ಅದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಈ ಪುಸ್ತಕ ಮೇಲಿನ ಆದೇಶದಿಂದ ಬರುವುದೆಂದು ಕಾಯುವುದಕ್ಕಿಂತ, ಈ ಸಭೆಯಲ್ಲಿರುವ ಅಧ್ಯಾಪಕರೂ ಗ್ರಂಥಪಾಲಕರೂ ಪಂಚಾಯತಿ ಸದಸ್ಯರೂ ತಮ್ಮ ತಮ್ಮ ಊರಿನಲ್ಲಿ ಅದನ್ನು ತೆರೆದು ಮೊದಲ ಪ್ರಶ್ನೆಯನ್ನು ತಾವೇ ಬರೆಯುವುದು ಲೇಸು.